ಕೀಲುನೋವು ಮತ್ತು ದೀರ್ಘಕಾಲದ ಕಾಯಿಲೆ: ಮತ್ತೆ ಎದ್ದು ನಡೆಯುವ ದಾರಿ

ಕುರ್ಚಿಯಿಂದ ಏಳಲು ಕೈ ಊರಬೇಕಾಗಿ ಬಂದ ಮೊದಲ ದಿನ ಯಾರೂ ಅದನ್ನು ಕಾಯಿಲೆ ಎಂದುಕೊಳ್ಳುವುದಿಲ್ಲ. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದದ್ದನ್ನೂ ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗುತ್ತೇವೆ. ನೋವಾಗುತ್ತದೆಂದು ನಡಿಗೆ ಕಡಿಮೆಯಾಗುತ್ತದೆ. ನಡಿಗೆ ಕಡಿಮೆಯಾದಂತೆ ತೊಡೆಯ ಸ್ನಾಯು ಸೊರಗುತ್ತದೆ. ಆ ಸ್ನಾಯು ಹೊರಬೇಕಾದ ಭಾರವೆಲ್ಲ ಮಂಡಿಯ ಮೇಲೆ ಬಿದ್ದು ನೋವು ಇನ್ನಷ್ಟು ಏರುತ್ತದೆ. ಜೊತೆಗೆ ಮಧುಮೇಹವೂ ಇದ್ದರೆ ಕೂತಲ್ಲೇ ಕೂತದ್ದರಿಂದ ಸಕ್ಕರೆ ಏರುತ್ತದೆ, ತೂಕ ಏರುತ್ತದೆ, ರಕ್ತದೊತ್ತಡವೂ ಹಿಂಬಾಲಿಸುತ್ತದೆ. ಒಂದು ಮಂಡಿಯ ನೋವು ಎರಡು ಮೂರು ವರ್ಷಗಳಲ್ಲಿ ಇಡೀ ದೇಹದ ಕಾಯಿಲೆಯಾಗಿ ನಿಂತಿರುತ್ತದೆ.

ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಆಗುತ್ತಿಲ್ಲ ಎಂದು ನನ್ನ ತಾಯಿಯವರು ಹೇಳುತ್ತಿದ್ದಾಗ ನಾವೆಲ್ಲ ‘ವಯಸ್ಸಾಯಿತಲ್ಲ ಅಮ್ಮ’ ಎಂದೆವು. ಅದು ರುಮಟಾಯ್ಡ್ ಸಂಧಿವಾತ ಎಂದು ಗೊತ್ತಾಗುವ ಹೊತ್ತಿಗೆ ಹನ್ನೊಂದು ತಿಂಗಳು ಕಳೆದಿದ್ದವು. ಆ ಹನ್ನೊಂದು ತಿಂಗಳು ಇಂದಿಗೂ ನನ್ನನ್ನು ಚುಚ್ಚುತ್ತವೆ. ವೈದ್ಯರ ಬಳಿಗೆ ತಯಾರಾಗಿ ಹೋಗುವುದು ಹೇಗೆ, ಹೋಗಿ ಬಂದ ಮೇಲೆ ಮನೆಯಲ್ಲಿ ಏನು ಮಾಡಬೇಕು ಎಂಬುದನ್ನು ನಾವು ಕಲಿತ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ. ಇಲ್ಲಿ ಮಾತ್ರೆಯ ಹೆಸರು ಓದಿ ಯಾರೂ ತಾವಾಗಿ ಶುರುಮಾಡಬೇಡಿ, ತಾವಾಗಿ ನಿಲ್ಲಿಸಲೂ ಬೇಡಿ.

ಎಲ್ಲಕ್ಕಿಂತ ಮೊದಲು: ಒಂದು ದಿನವೂ ಕಾಯಬಾರದ ಲಕ್ಷಣಗಳು

ಒಂದೇ ಕೀಲು ಕೆಲವೇ ಗಂಟೆಗಳಲ್ಲಿ ಊದಿ, ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿದ್ದು, ಜ್ವರವೂ ಬಂದರೆ ಕೀಲಿನೊಳಗೆ ಸೋಂಕು ಆಗಿರಬಹುದು. ಆ ಸೋಂಕು ಮೃದ್ವಸ್ಥಿಯನ್ನು, ಅಂದರೆ ಕೀಲಿನಲ್ಲಿ ಮೂಳೆಯ ತುದಿಗಿರುವ ನುಣುಪಾದ ಹೊದಿಕೆಯನ್ನು, ಕೆಲವೇ ದಿನಗಳಲ್ಲಿ ಹಾಳುಮಾಡುತ್ತದೆ. ಅಂದೇ ಆಸ್ಪತ್ರೆಗೆ ಹೋಗಿ. ಮಧುಮೇಹ ಇರುವವರಲ್ಲಿ ಮತ್ತು ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಜ್ವರ ಎದ್ದು ಕಾಣದೆಯೂ ಇರಬಹುದು. ಜ್ವರವಿಲ್ಲ ಎಂಬ ಧೈರ್ಯದಲ್ಲಿ ಮನೆಯಲ್ಲಿ ಕೂರಬೇಡಿ. ಬಿದ್ದ ಮೇಲೆ ಕಾಲೂರಲು ಆಗದಿರುವುದು, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಸೊಂಟನೋವಿನ ಜೊತೆ ಕಾಲಿನ ಬಲ ಕುಗ್ಗುವುದು ಅಥವಾ ಮಲಮೂತ್ರದ ಹಿಡಿತ ತಪ್ಪುವುದು ಕೂಡ ತುರ್ತು ಚಿಕಿತ್ಸೆಯ ಲಕ್ಷಣಗಳೇ.

ಹೆಜ್ಜೆ 1: ನಿಮ್ಮದು ಯಾವ ಸಂಧಿವಾತ?

ಸಂಧಿವಾತ ಎಂಬ ಒಂದೇ ಹೆಸರಿನಡಿ ನೂರಕ್ಕೂ ಹೆಚ್ಚು ಕಾಯಿಲೆಗಳಿವೆ. ಅವುಗಳ ಚಿಕಿತ್ಸೆ ಒಂದೇ ಅಲ್ಲ. ಪಕ್ಕದ ಮನೆಯವರಿಗೆ ಹಿಡಿಸಿದ ಮಾತ್ರೆ ನಿಮಗೆ ಹಿಡಿಸದಿರುವುದಕ್ಕೆ ಇದೇ ಕಾರಣ.

ಸವೆತದ ಸಂಧಿವಾತ, ಅಂದರೆ ಆಸ್ಟಿಯೋಆರ್ಥ್ರೈಟಿಸ್, ಎಲ್ಲಕ್ಕಿಂತ ಸಾಮಾನ್ಯ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನ ಸುಮಾರು 52.8 ಕೋಟಿ ಜನರಿಗೆ ಇದು ಇತ್ತು. ಇದರಲ್ಲಿ ಕೆಲಸ ಮಾಡಿದಂತೆ ನೋವು ಹೆಚ್ಚುತ್ತದೆ, ವಿಶ್ರಾಂತಿಯಿಂದ ತಗ್ಗುತ್ತದೆ. ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲಗೊಳ್ಳುತ್ತದೆ.

ರುಮಟಾಯ್ಡ್ ಸಂಧಿವಾತದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬೀಳುತ್ತದೆ. ಎರಡೂ ಕೈಗಳ ಬೆರಳುಗಳ ಬುಡ, ಮಣಿಕಟ್ಟು, ಪಾದದ ಸಣ್ಣ ಕೀಲುಗಳು ಒಟ್ಟಿಗೆ ಊದಿಕೊಳ್ಳುತ್ತವೆ. ಬೆಳಗಿನ ಬಿಗಿತ ಅರ್ಧ ಗಂಟೆ ಮೀರಿ, ಎಷ್ಟೋ ಸಲ ಒಂದು ಗಂಟೆ ದಾಟಿಯೂ ಉಳಿಯುತ್ತದೆ; ಕೈಯಾಡಿಸುತ್ತಾ ಹೋದಂತೆ ಹಗುರವಾಗುತ್ತದೆ. ‘ತಾಳಿದವನು ಬಾಳಿಯಾನು’ ಎಂಬ ಮಾತು ಈ ಕಾಯಿಲೆಗೆ ಮಾತ್ರ ನಡೆಯುವುದಿಲ್ಲ. ಲಕ್ಷಣ ಕಾಣಿಸಿದ ಮೊದಲ ಮೂರರಿಂದ ಆರು ತಿಂಗಳೊಳಗೆ ಚಿಕಿತ್ಸೆ ಸಿಕ್ಕರೆ ಕೀಲು ಉಳಿಯುವ ಸಾಧ್ಯತೆ ಬಹಳ ಹೆಚ್ಚು. ಒಮ್ಮೆ ಕೊರೆದುಹೋದ ಮೂಳೆಯನ್ನು ಯಾವ ಔಷಧವೂ ಮೊದಲಿನಂತೆ ಮಾಡಿಕೊಡುವುದಿಲ್ಲ. ರಕ್ತಪರೀಕ್ಷೆಯಲ್ಲಿ ರುಮಟಾಯ್ಡ್ ಫ್ಯಾಕ್ಟರ್ ಇಲ್ಲವೆಂದು ಬಂದರೂ ಕಾಯಿಲೆ ಇರಬಹುದು, ಇದೆ ಎಂದು ಬಂದರೂ ಕಾಯಿಲೆ ಇಲ್ಲದಿರಬಹುದು. ಊದಿದ ಕೀಲನ್ನು ಮುಟ್ಟಿ ನೋಡುವ ವೈದ್ಯರ ಬೆರಳಿಗೆ ಆ ಕಾಗದಕ್ಕಿಂತ ಹೆಚ್ಚು ತೂಕವಿದೆ.

ಗೌಟ್, ಅಂದರೆ ಯೂರಿಕ್ ಆಮ್ಲದ ಹರಳುಗಳು ಕೀಲಿನಲ್ಲಿ ಸೇರಿ ಆಗುವ ಸಂಧಿವಾತ, ರಾತ್ರೋರಾತ್ರಿ ಬರುತ್ತದೆ, ಹೆಚ್ಚಾಗಿ ಕಾಲಿನ ಹೆಬ್ಬೆರಳಿಗೆ. ಹೊದಿಕೆ ತಾಗಿದರೂ ಸಹಿಸಲಾಗದ ನೋವು ಅದು. ನಲವತ್ತರೊಳಗಿನವರಿಗೆ ಮೂರು ತಿಂಗಳಿಗೂ ಮೀರಿ ಬೆನ್ನುನೋವಿದ್ದು, ಮಲಗಿದಾಗ ಹೆಚ್ಚಿ ಓಡಾಡಿದಾಗ ಕಡಿಮೆಯಾದರೆ ಬೆನ್ನುಮೂಳೆಯ ಕೀಲುಗಳ ಉರಿಯೂತವನ್ನು ಸಂದೇಹಿಸಬೇಕು.

ಎಕ್ಸ್‌ರೇ ಬಗ್ಗೆ ಒಂದು ಮಾತು. ಚಿತ್ರದಲ್ಲಿ ಸವೆತ ಎದ್ದು ಕಂಡರೂ ನೋವೇ ಇಲ್ಲದವರಿದ್ದಾರೆ, ಚಿತ್ರ ಸ್ವಚ್ಛವಾಗಿದ್ದರೂ ಹೆಜ್ಜೆ ಇಡಲಾಗದವರಿದ್ದಾರೆ. ‘ಮೂಳೆಗೆ ಮೂಳೆ ಉಜ್ಜುತ್ತಿದೆ’ ಎಂಬ ಒಂದು ಮಾತಿಗೆ ಹೆದರಿ ನಡೆಯುವುದನ್ನೇ ಬಿಟ್ಟವರನ್ನು ನೋಡಿದ್ದೇನೆ. ಅಂಥವರಿಗೂ ವ್ಯಾಯಾಮದಿಂದ ನೋವು ಕಡಿಮೆಯಾಗುತ್ತದೆ.

ಹೆಜ್ಜೆ 2: ವೈದ್ಯರ ಮುಂದೆ ಕೂರುವ ಮೊದಲು

ಒಂದು ವಾರ ಟಿಪ್ಪಣಿ ಬರೆಯಿರಿ: ಬೆಳಿಗ್ಗೆ ಬಿಗಿತ ಎಷ್ಟು ನಿಮಿಷ, ಯಾವ ಯಾವ ಕೀಲು, ರಾತ್ರಿ ನೋವಿನಿಂದ ಎಚ್ಚರವಾಯಿತೇ, ಯಾವ ಕೆಲಸ ಕೈಬಿಟ್ಟಿರಿ. ಬಿಗಿತವನ್ನು ಗಡಿಯಾರ ನೋಡಿಯೇ ಬರೆಯಿರಿ, ಅಂದಾಜು ಬೇಡ. ಊತ ಬಂದು ಹೋಗುವಂಥದ್ದಾದರೆ ಊದಿದ ದಿನ ಮೊಬೈಲ್‌ನಲ್ಲಿ ಚಿತ್ರ ತೆಗೆದಿಡಿ. ತೋರಿಸಲು ಹೋದ ದಿನವೇ ಅದು ಇಳಿದಿರುವುದು ಮಾಮೂಲು.

ಇನ್ನೊಂದು ಹಾಳೆಯಲ್ಲಿ ನೀವು ನುಂಗುವ ಎಲ್ಲವನ್ನೂ ಬರೆಯಿರಿ. ಸಕ್ಕರೆಯ ಮಾತ್ರೆ, ರಕ್ತದೊತ್ತಡದ ಮಾತ್ರೆ, ಔಷಧ ಅಂಗಡಿಯಲ್ಲಿ ಕೇಳಿ ತಂದ ನೋವಿನ ಮಾತ್ರೆ, ಹೆಸರೇ ಇಲ್ಲದ ಪುಡಿ ಮತ್ತು ಕಷಾಯ ಕೂಡ. ಕೀಲಿಗೊಬ್ಬ ವೈದ್ಯರು, ಹೃದಯಕ್ಕೊಬ್ಬರು, ಮೂತ್ರಪಿಂಡಕ್ಕೊಬ್ಬರು ಇರುವ ಮನೆಗಳಲ್ಲಿ ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಅವರನ್ನೆಲ್ಲ ಒಂದುಗೂಡಿಸುವುದು ಆ ಒಂದು ಹಾಳೆ.

ಹೊರಡುವ ಮುನ್ನ ಮೂರು ಪ್ರಶ್ನೆ ಕೇಳಿ. ನನ್ನ ಕಾಯಿಲೆಯ ಹೆಸರೇನು? ಈ ಮಾತ್ರೆ ನೋವನ್ನು ಮರೆಮಾಚಲೋ ಅಥವಾ ಕಾಯಿಲೆಯನ್ನೇ ಹಿಡಿದು ನಿಲ್ಲಿಸಲೋ? ಎಷ್ಟು ವಾರದಲ್ಲಿ ಏನು ಬದಲಾಗಬೇಕು?

ಹೆಜ್ಜೆ 3: ಮಾತ್ರೆಗಳನ್ನು ಅರ್ಥಮಾಡಿಕೊಳ್ಳಿ

ಎರಡನೆಯ ಪ್ರಶ್ನೆಯೇ ಇಲ್ಲಿ ಮುಖ್ಯ. ಸವೆತದ ಸಂಧಿವಾತವನ್ನು ತಡೆದು ನಿಲ್ಲಿಸುವ ಮಾತ್ರೆ ಇನ್ನೂ ಇಲ್ಲ. ಇರುವುದೆಲ್ಲ ನೋವು ತಗ್ಗಿಸಿ ನಿಮ್ಮನ್ನು ಓಡಾಡುವಂತೆ ಮಾಡುವ ಔಷಧಗಳು. ಮಂಡಿ ಮತ್ತು ಕೈಬೆರಳಿಗೆ ಡೈಕ್ಲೋಫೆನಾಕ್‌ನಂತಹ ಹಚ್ಚುವ ಜೆಲ್‌ನಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ಅದು ರಕ್ತಕ್ಕೆ ಸೇರುವ ಪ್ರಮಾಣ ಬಹಳ ಕಡಿಮೆ. ಐಬುಪ್ರೊಫೆನ್, ಡೈಕ್ಲೋಫೆನಾಕ್, ನ್ಯಾಪ್ರೊಕ್ಸೆನ್ ಮುಂತಾದ ನುಂಗುವ ಮಾತ್ರೆಗಳು ಜಠರದಲ್ಲಿ ಹುಣ್ಣು ಮಾಡಬಲ್ಲವು, ರಕ್ತದೊತ್ತಡ ಏರಿಸಬಲ್ಲವು, ಹೃದಯ ಮತ್ತು ಮೂತ್ರಪಿಂಡಕ್ಕೆ ಹೊರೆಯಾಗಬಲ್ಲವು. ಹೆಸರು ಮುಗಿಯುವಾಗ ‘-ಪ್ರಿಲ್’ ಅಥವಾ ‘-ಸಾರ್ಟಾನ್’ ಎಂದಿರುವ ರಕ್ತದೊತ್ತಡದ ಮಾತ್ರೆ, ಅದರ ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಈ ನೋವಿನ ಮಾತ್ರೆಗಳನ್ನೂ ನುಂಗಿದರೆ ಮೂತ್ರಪಿಂಡ ಹಠಾತ್ತನೆ ಸೋಲುವ ಅಪಾಯವಿದೆ. ವಾಂತಿಭೇದಿಯಾಗಿ ದೇಹದ ನೀರು ಇಳಿದ ದಿನಗಳಲ್ಲಂತೂ ಇನ್ನೂ ಹೆಚ್ಚು. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಮಾತ್ರೆ ಎಂದ ಮಾತ್ರಕ್ಕೆ ಅದು ನಿರಪಾಯಕಾರಿಯಲ್ಲ.

ರುಮಟಾಯ್ಡ್ ಸಂಧಿವಾತದ ಕಥೆ ಬೇರೆ. ಇಲ್ಲಿ ಕಾಯಿಲೆಯನ್ನೇ ಹಿಡಿದು ನಿಲ್ಲಿಸುವ ಔಷಧಗಳಿವೆ. ಹೆಚ್ಚಿನವರಿಗೆ ಮೊದಲು ಕೊಡುವುದು ಮೆಥೋಟ್ರೆಕ್ಸೇಟ್. ಈ ವಾಕ್ಯವನ್ನು ದಯವಿಟ್ಟು ಎರಡು ಸಲ ಓದಿ: ಸಂಧಿವಾತಕ್ಕೆ ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ, ಪ್ರತಿದಿನ ಅಲ್ಲ. ದಿನವೂ ನುಂಗಿದವರಲ್ಲಿ ರಕ್ತಕಣಗಳು ಕುಸಿದು ಸಾವು ಸಂಭವಿಸಿದೆ. ವಾರದ ಒಂದು ದಿನ ಗೊತ್ತುಮಾಡಿ, ಆ ದಿನದ ಹೆಸರನ್ನು ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಿರಿ. ವೈದ್ಯರು ಬರೆದ ಫೋಲಿಕ್ ಆಸಿಡ್ ಬಿಡಬೇಡಿ. ಬಾಯಿಹುಣ್ಣು, ಹೊಟ್ಟೆ ತೊಳಸುವುದು ಅದರಿಂದ ಕಡಿಮೆಯಾಗುತ್ತವೆ. ಯಕೃತ್ತು ಮತ್ತು ರಕ್ತಕಣಗಳ ಪರೀಕ್ಷೆ ಹೇಳಿದ ದಿನಕ್ಕೆ ಆಗಲೇಬೇಕು. ಜ್ವರ, ಒಣಕೆಮ್ಮಿನ ಜೊತೆ ಉಸಿರಾಟದ ತೊಂದರೆ, ಬಾಯಿತುಂಬ ಹುಣ್ಣು ಕಂಡರೆ ಮುಂದಿನ ಮಾತ್ರೆ ನುಂಗುವ ಮೊದಲು ವೈದ್ಯರನ್ನು ಕಾಣಿ. ಬೇರೆ ಯಾವ ವೈದ್ಯರ ಬಳಿ ಹೋದರೂ ಈ ಮಾತ್ರೆಯ ಹೆಸರು ಹೇಳಿ, ಏಕೆಂದರೆ ಟ್ರೈಮೆಥೊಪ್ರಿಮ್ ಇರುವ ಆಂಟಿಬಯಾಟಿಕ್ ಇದರ ಜೊತೆ ಅಪಾಯಕಾರಿ. ಗರ್ಭ ಧರಿಸುವ ಯೋಚನೆ ಇರುವವರು ಮೊದಲೇ ತಿಳಿಸಬೇಕು. ಗರ್ಭಿಣಿಯರಿಗೆ ಇದು ಸಲ್ಲದು.

ಈ ಮಾತ್ರೆಯ ಗುಣ ಕಾಣಲು 6ರಿಂದ 12 ವಾರ ಬೇಕು. ಮೂರನೆಯ ವಾರಕ್ಕೇ ‘ಏನೂ ಆಗಲಿಲ್ಲ’ ಎಂದು ಬಿಡುವವರು ಬಹಳ. ನನ್ನ ತಾಯಿಯವರೂ ಬಿಡಲು ಹೊರಟಿದ್ದರು. ಆ ನಡುಗಾಲಕ್ಕೆ ಆಸರೆಯಾಗಿ ವೈದ್ಯರು ಕೆಲವು ವಾರ ಸ್ಟೀರಾಯ್ಡ್ ಕೊಡುವುದುಂಟು. ಅದು ಎರಡೇ ದಿನಕ್ಕೆ ಹಗುರವೆನಿಸುವಂತೆ ಮಾಡುತ್ತದೆ, ಅದೇ ಅದರ ಅಪಾಯ. ತಿಂಗಳುಗಟ್ಟಲೆ ನುಂಗಿದರೆ ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ಮೂರು ವಾರ ಮೀರಿ ತೆಗೆದುಕೊಂಡವರು ತಟ್ಟನೆ ನಿಲ್ಲಿಸುವಂತೆಯೂ ಇಲ್ಲ. ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ನಿಲ್ಲಿಸಿರುವುದರಿಂದ ಮೆಲ್ಲಮೆಲ್ಲನೆ ಇಳಿಸಬೇಕು. ಕೀಲಿಗೆ ಚುಚ್ಚುವ ಸ್ಟೀರಾಯ್ಡ್ ಕೂಡ ಮಧುಮೇಹಿಗಳ ಸಕ್ಕರೆಯನ್ನು ಕೆಲವು ದಿನ ಏರಿಸುತ್ತದೆ.

ಗೌಟ್ ಇರುವವರು ಒಂದು ಸಂಖ್ಯೆ ನೆನಪಿಟ್ಟರೆ ಸಾಕು. ರಕ್ತದ ಯೂರಿಕ್ ಆಮ್ಲ ಒಂದು ಡೆಸಿಲೀಟರ್‌ಗೆ 6 ಮಿಲಿಗ್ರಾಂಗಿಂತ ಕೆಳಗೆ ಇಳಿಯಬೇಕು, ಅಲ್ಲೇ ನಿಲ್ಲಬೇಕು. ಅದಕ್ಕೆ ಕೊಡುವ ಅಲೋಪ್ಯೂರಿನಾಲ್ ಅನ್ನು ಕಡಿಮೆ ಪ್ರಮಾಣದಿಂದ ಆರಂಭಿಸಿ ಏರಿಸುತ್ತಾರೆ. ಮೊದಲ ತಿಂಗಳುಗಳಲ್ಲಿ ನೋವು ಮರುಕಳಿಸಬಹುದು. ಹಳೆಯ ಹರಳುಗಳು ಕರಗುವಾಗ ಹೀಗಾಗುತ್ತದೆ, ಮಾತ್ರೆ ಕೆಲಸ ಮಾಡುತ್ತಿಲ್ಲ ಎಂದಲ್ಲ. ಆದರೆ ಚರ್ಮದ ಮೇಲೆ ದದ್ದು ಎದ್ದರೆ ತಕ್ಷಣ ನಿಲ್ಲಿಸಿ ವೈದ್ಯರ ಬಳಿಗೆ ಹೋಗಿ.

ಹೆಜ್ಜೆ 4: ಒಂದು ಕೆಲಸವನ್ನು ಗುರಿಯಾಗಿಡಿ

‘ನೋವು ಹೋಗಬೇಕು’ ಎಂಬುದನ್ನು ಅಳೆಯಲಾಗದು. ‘ಎರಡನೆಯ ಮಹಡಿಗೆ ನಿಲ್ಲದೆ ಹತ್ತಬೇಕು’, ‘ನನ್ನ ತಲೆ ನಾನೇ ಬಾಚಿಕೊಳ್ಳಬೇಕು’ ಎಂಬುದನ್ನು ಅಳೆಯಬಹುದು. ಫಿಸಿಯೋಥೆರಪಿಸ್ಟ್ ಬಳಿ ಹೋದಾಗ ಮೊದಲು ಇದನ್ನೇ ಹೇಳಿ. ವ್ಯಾಯಾಮದ ಆಯ್ಕೆ ಅದರಿಂದಲೇ ಶುರುವಾಗುತ್ತದೆ.

ಕಾಲಿನ ಬಲಕ್ಕೆ ಒಂದು ಸುಲಭ ಅಳತೆ ಇದೆ. ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ ಕುಳಿತು, ಕೈಗಳನ್ನು ಎದೆಯ ಮೇಲೆ ಅಡ್ಡಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಬಲ್ಲಿರಿ ಎಂದು ಎಣಿಸಿ. 65ರಿಂದ 69ರ ವಯಸ್ಸಿನಲ್ಲಿ ಮಹಿಳೆಯರಿಗೆ 11ಕ್ಕಿಂತ, ಪುರುಷರಿಗೆ 12ಕ್ಕಿಂತ ಕಡಿಮೆಯಾದರೆ ಸರಾಸರಿಗಿಂತ ಕೆಳಗೆ, ಬೀಳುವ ಅಪಾಯವೂ ಹೆಚ್ಚು ಎಂದು ಲೆಕ್ಕ. ಪಕ್ಕದಲ್ಲಿ ಒಬ್ಬರು ನಿಂತಿರಲಿ. ದಿನಾಂಕ ಹಾಕಿ ಬರೆದಿಡಿ, ತಿಂಗಳಿಗೊಮ್ಮೆ ಮತ್ತೆ ಎಣಿಸಿ.

ಹೆಜ್ಜೆ 5: ವ್ಯಾಯಾಮ

ಈ ಲೇಖನದಲ್ಲಿ ಒಂದೇ ಭಾಗ ಓದುವುದಿದ್ದರೆ ಇದನ್ನು ಓದಿ. ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ. ಭಾರ ಬಿದ್ದಾಗ ಹಿಂಡಿಕೊಂಡು, ಭಾರ ತೆಗೆದಾಗ ಹೀರಿಕೊಂಡು, ಕೀಲಿನ ದ್ರವದಿಂದಲೇ ಅದು ಪೋಷಣೆ ಪಡೆಯುತ್ತದೆ. ಅಲುಗಾಡದ ಕೀಲು ಹಸಿದ ಕೀಲು. ಮಂಡಿ ಮತ್ತು ಸೊಂಟದ ಕೀಲಿನ ಸವೆತಕ್ಕೆ ಬೇರೆ ಬೇರೆ ದೇಶಗಳ ವೈದ್ಯಕೀಯ ಮಾರ್ಗಸೂಚಿಗಳೆಲ್ಲ ವ್ಯಾಯಾಮವನ್ನು ಮೊದಲ ಸಾಲಿನ ಚಿಕಿತ್ಸೆಯಾಗಿಯೇ ಇಟ್ಟಿವೆ. ಆದರೂ ನಮಗೆ ಅದು ಚಿಕಿತ್ಸೆ ಮುಗಿದ ಮೇಲೆ ಹೇಳುವ ಉಪಚಾರದ ಮಾತಿನಂತೆ ಕೇಳಿಸುತ್ತದೆ.

ಮಂಡಿನೋವಿಗೆ ಇಷ್ಟರಿಂದ ಆರಂಭಿಸಬಹುದು. ಕಾಲು ಚಾಚಿ ಕುಳಿತು, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಮಂಡಿಯಿಂದ ಒತ್ತಿ 5 ಸೆಕೆಂಡು ತೊಡೆಯನ್ನು ಬಿಗಿಹಿಡಿಯಿರಿ. ಮಲಗಿ ಒಂದು ಮಂಡಿ ಮಡಚಿ, ಇನ್ನೊಂದು ಕಾಲನ್ನು ನೇರವಾಗಿ ಒಂದಡಿಯಷ್ಟು ಎತ್ತಿ ನಿಧಾನವಾಗಿ ಇಳಿಸಿ. ಕುರ್ಚಿಯಿಂದ ಎದ್ದು ಕೂರಿ. ಕಷ್ಟವಾದರೆ ಕುರ್ಚಿಯ ಮೇಲೆ ದಪ್ಪ ದಿಂಬು ಇಟ್ಟು ಎತ್ತರಿಸಿ. ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ. ಕೊನೆಗೆ ಗೋಡೆಯ ಪಕ್ಕದಲ್ಲೇ ಒಂಟಿಕಾಲಲ್ಲಿ ನಿಂತು ಸಮತೋಲನ ಅಭ್ಯಾಸ ಮಾಡಿ. ಪ್ರತಿಯೊಂದೂ 8ರಿಂದ 12 ಸಲ, ಎರಡು ಸುತ್ತು, ವಾರದಲ್ಲಿ ಮೂರು ದಿನ. 12 ಸಲ ಸುಲಭವಾದಾಗ ಕಷ್ಟವನ್ನು ಸ್ವಲ್ಪ ಏರಿಸಿ. ಏರಿಸದೆ ಅದನ್ನೇ ವರ್ಷಗಟ್ಟಲೆ ಮಾಡಿದರೆ ಬಲ ಹೆಚ್ಚುವುದಿಲ್ಲ.

ನೋವಾದರೆ ನಿಲ್ಲಿಸಬೇಕೇ? ಎಲ್ಲರೂ ಕೇಳುವ ಪ್ರಶ್ನೆ ಇದು. ಸೊನ್ನೆಯಿಂದ ಹತ್ತರ ಅಳತೆಯಲ್ಲಿ ವ್ಯಾಯಾಮದ ಹೊತ್ತಿನ ನೋವು ಐದನ್ನು ಮೀರಬಾರದು, 24 ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿಯಬೇಕು. ಇಳಿದರೆ ಮುಂದುವರಿಸಿ. ಇಳಿಯದಿದ್ದರೆ ಮುಂದಿನ ಸಲ ಸಂಖ್ಯೆ ಕಡಿಮೆ ಮಾಡಿ, ವ್ಯಾಯಾಮ ಬಿಡಬೇಡಿ. ರುಮಟಾಯ್ಡ್ ಅಥವಾ ಗೌಟ್‌ನಿಂದ ಕೀಲು ಊದಿ ಬಿಸಿಯಾಗಿರುವ ದಿನಗಳಲ್ಲಿ ಮಾತ್ರ ಅದರ ಮೇಲೆ ಭಾರ ಹಾಕುವ ವ್ಯಾಯಾಮ ಬೇಡ. ರುಮಟಾಯ್ಡ್ ಇದ್ದರೆ ದಿನಕ್ಕೆ ಒಂದೆರಡು ಸಲ ಮೆಲ್ಲಗೆ ಮಡಚಿ ಬಿಡಿಸಿದರೆ ಕೀಲು ಕಟ್ಟಿಕೊಳ್ಳುವುದಿಲ್ಲ. ಗೌಟ್ ಆದರೆ ನೋವಿಳಿಯುವವರೆಗೆ ಆ ಕೀಲಿಗೆ ವಿಶ್ರಾಂತಿ ಕೊಡಿ.

ಫಲ ಕಾಣಲು 8ರಿಂದ 12 ವಾರ ಹಿಡಿಯುತ್ತದೆ. ಬಲದ ವ್ಯಾಯಾಮದ ಜೊತೆ ನಡಿಗೆ, ಸೈಕಲ್, ಈಜು ಯಾವುದಾದರೂ ಇರಲಿ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150 ನಿಮಿಷ ಹೇಳುತ್ತದೆ, ದೀರ್ಘಕಾಲದ ಕಾಯಿಲೆ ಇರುವವರಿಗೂ ಸಹ. ಐದೈದು ನಿಮಿಷ ಕೂಡಿಸಿದರೂ ಆದೀತು.

ಹೆಜ್ಜೆ 6: ಭಾರ, ಕೋಲು, ಶಾಖ

ದೇಹದ ತೂಕ 1 ಕಿಲೋ ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು 4 ಕಿಲೋ ಇಳಿಯುತ್ತದೆ. ಹೆಚ್ಚು ತೂಕ ಇರುವವರಿಗೆ ನೂರಕ್ಕೆ ಐದರಿಂದ ಹತ್ತರಷ್ಟು ಇಳಿಸುವ ಗುರಿ ಸಾಕು.

ಕೋಲನ್ನು ನೋಯುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ಬಹುತೇಕರು ನೋಯುವ ಕಡೆಯೇ ಹಿಡಿಯುತ್ತಾರೆ. ನೇರ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಯವರೆಗೆ ಕೋಲಿನ ಹಿಡಿ ಬಂದರೆ ಎತ್ತರ ಸರಿ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ಬಿಗಿತಕ್ಕೆ ಶಾಖ, ಊತಕ್ಕೆ ತಂಪು, 15ರಿಂದ 20 ನಿಮಿಷ. ಮಧುಮೇಹದಿಂದ ಪಾದದ ಸ್ಪರ್ಶ ಕುಂದಿದವರು ಪಾದಕ್ಕೆ ಎರಡನ್ನೂ ಇಡಬಾರದು, ಸುಟ್ಟರೂ ಗೊತ್ತಾಗುವುದಿಲ್ಲ.

ಹೆಜ್ಜೆ 7: ಬೇರೆ ಕಾಯಿಲೆಗಳೂ ಇದ್ದಾಗ

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ರೀತಿಯ ಮಾತ್ರೆ ತೆಗೆದುಕೊಳ್ಳುವವರು ವ್ಯಾಯಾಮಕ್ಕೆ ಮುಂಚೆ ಸಕ್ಕರೆ ಪರೀಕ್ಷಿಸಿ, ಸಿಹಿ ಏನಾದರೂ ಕೈಗೆಟಕುವಂತೆ ಇಟ್ಟುಕೊಳ್ಳಿ. ನಡೆದು ಬಂದ ಮೇಲೆ ಅಂಗಾಲು ನೋಡಿಕೊಳ್ಳಿ. ಮಧುಮೇಹಿಗಳಿಗೆ ಭುಜ ಬಿಗಿದು ಕೈ ಮೇಲೇಳದಂತಾಗುವುದು ಉಳಿದವರಿಗಿಂತ ಹೆಚ್ಚು; ಬೆನ್ನಿನ ಹಿಂದೆ ಕೈ ಹೋಗುತ್ತಿಲ್ಲ ಎನ್ನಿಸಿದ ಕೂಡಲೇ ತೋರಿಸಿ. ಹೃದಯ ಅಥವಾ ಶ್ವಾಸಕೋಶದ ಕಾಯಿಲೆ ಇರುವವರಿಗೆ ಪ್ರತ್ಯೇಕ ಪುನಶ್ಚೇತನ ಕಾರ್ಯಕ್ರಮಗಳಿವೆ, ಅಲ್ಲಿಂದಲೇ ಆರಂಭಿಸುವುದು ಕ್ಷೇಮ. ನಡೆಯುವಾಗ ಮಾತನಾಡಲು ಆಗಬೇಕು, ಹಾಡಲು ಆಗಬಾರದು: ಅದು ಸರಿಯಾದ ವೇಗ. ಎದೆ ಹಿಂಡಿದಂತಾದರೆ ನಿಲ್ಲಿಸಿ, ಸಹಾಯಕ್ಕೆ ಕರೆಯಿರಿ.

ಚೆನ್ನಾಗಿರುವ ದಿನ ಬಾಕಿ ಕೆಲಸವನ್ನೆಲ್ಲ ಮುಗಿಸಿ, ಮುಂದಿನ ಮೂರು ದಿನ ಹಾಸಿಗೆ ಹಿಡಿಯುವುದು ಹಲವರ ಅಭ್ಯಾಸ. ಒಳ್ಳೆಯ ದಿನ ಮುಕ್ಕಾಲಷ್ಟೇ ಮಾಡಿ, ಕೆಟ್ಟ ದಿನವೂ ಕಾಲುಭಾಗ ಮಾಡಿ. ನಿದ್ರೆ ಕೆಟ್ಟ ರಾತ್ರಿಯ ಮರುದಿನ ಅದೇ ಕೀಲು ಹೆಚ್ಚು ನೋಯುತ್ತದೆ. ಎರಡು ವಾರ ಕಳೆದರೂ ಯಾವುದರಲ್ಲೂ ಮನಸ್ಸು ನಿಲ್ಲುತ್ತಿಲ್ಲವೆಂದರೆ ಅದನ್ನೂ ವೈದ್ಯರಿಗೆ ಹೇಳಿ. ಖಿನ್ನತೆಗೂ ಚಿಕಿತ್ಸೆಯಿದೆ, ಅದು ತಗ್ಗಿದರೆ ನೋವೂ ತಗ್ಗುವುದುಂಟು.

ಹೆಜ್ಜೆ 8: ಕೀಲು ಬದಲಿಸುವ ಮಾತು ಬಂದರೆ

ವ್ಯಾಯಾಮ, ತೂಕ, ಔಷಧ ಮೂರನ್ನೂ ಮನಸಾರೆ ಮಾಡಿಯೂ ರಾತ್ರಿ ನಿದ್ರೆ ಇಲ್ಲ, ಮನೆಯೊಳಗಿನ ನಡಿಗೆಯೂ ಕಷ್ಟ ಎಂದಾದಾಗ ಶಸ್ತ್ರಚಿಕಿತ್ಸೆಯ ಹೊತ್ತು ಬಂದಿದೆ ಎನ್ನಬಹುದು. ಬದಲಿಸಿದ ನೂರು ಮಂಡಿಗಳಲ್ಲಿ ಸುಮಾರು 82 ಮಂಡಿಗಳು 25 ವರ್ಷ ಬಾಳುತ್ತವೆ ಎಂದು ದೀರ್ಘಕಾಲದ ದಾಖಲೆಗಳು ತೋರಿಸಿವೆ. ಆದರೆ ಐವರಲ್ಲಿ ಒಬ್ಬರವರೆಗೆ ನೋವು ಸ್ವಲ್ಪ ಉಳಿಯುತ್ತದೆ ಎಂಬುದನ್ನೂ ಮೊದಲೇ ತಿಳಿದಿರಬೇಕು. ಶಸ್ತ್ರಚಿಕಿತ್ಸೆಗೆ ಮೊದಲಿನ ಆರು ವಾರ ತೊಡೆಯ ವ್ಯಾಯಾಮ ಮಾಡಿದರೆ ನಂತರ ಏಳುವುದು ಸುಲಭ; ಸಕ್ಕರೆ ಹತೋಟಿಯಲ್ಲಿದ್ದರೆ ಸೋಂಕಿನ ಅಪಾಯ ಕಡಿಮೆ.

ಆದ ಮೇಲೆ ಅದೇ ದಿನ ಅಥವಾ ಮರುದಿನವೇ ಎಬ್ಬಿಸಿ ನಡೆಸುತ್ತಾರೆ. ಮನೆಯಲ್ಲಿ ಎಲ್ಲರೂ ಮಾಡುವ ಒಂದು ತಪ್ಪೆಂದರೆ, ಹಾಯೆನಿಸಲಿ ಎಂದು ಮಂಡಿಯ ಕೆಳಗೆ ದಿಂಬು ಇಡುವುದು. ಮಂಡಿ ಬಾಗಿದ ಸ್ಥಿತಿಯಲ್ಲೇ ಕಟ್ಟಿಕೊಂಡು ಮತ್ತೆ ನೆಟ್ಟಗಾಗುವುದೇ ಇಲ್ಲ. ದಿಂಬು ಹಿಮ್ಮಡಿಯ ಕೆಳಗೆ ಇರಲಿ. ಕಾಲು ಪೂರ್ತಿ ನೆಟ್ಟಗಾಗುವುದು, ಮೊದಲ ಕೆಲವು ವಾರಗಳಲ್ಲಿ 90 ಡಿಗ್ರಿಯಷ್ಟು ಮಡಚುವುದು ಮೊದಲ ಗುರಿಗಳು. ಪೂರ್ತಿ ಚೇತರಿಕೆಗೆ ಆರು ತಿಂಗಳಿಂದ ಒಂದು ವರ್ಷ ಹಿಡಿಯಬಹುದು.

ಹೆಜ್ಜೆ 9: ಮತ್ತೆ ತೋರಿಸುವುದು, ಮತ್ತು ಮನೆಯವರು

ರುಮಟಾಯ್ಡ್ ಸಂಧಿವಾತ ಹತೋಟಿಗೆ ಬರುವವರೆಗೆ ಒಂದರಿಂದ ಮೂರು ತಿಂಗಳಿಗೊಮ್ಮೆ ತೋರಿಸಬೇಕು. ಮೂರು ತಿಂಗಳಲ್ಲಿ ಸುಧಾರಣೆ ಇಲ್ಲದಿದ್ದರೆ, ಅಥವಾ ಆರು ತಿಂಗಳಲ್ಲಿ ಗುರಿ ಮುಟ್ಟದಿದ್ದರೆ ಔಷಧ ಬದಲಿಸುವುದು ವೈದ್ಯಕೀಯದ ಒಪ್ಪಿತ ಕ್ರಮ. ಹಳೆಯ ಚೀಟಿಯನ್ನೇ ವರ್ಷಗಟ್ಟಲೆ ತೋರಿಸಿ ಮಾತ್ರೆ ತರುತ್ತಿದ್ದರೆ ಈ ವಾರವೇ ಒಂದು ಭೇಟಿ ಗೊತ್ತುಮಾಡಿ.

ಮನೆಯವರಿಗೆ ನನ್ನ ಕೋರಿಕೆ: ಪ್ರೀತಿಯಿಂದಲೇ ಆದರೂ ಅವರ ಕೈಯ ಕೆಲಸವನ್ನೆಲ್ಲ ಕಿತ್ತುಕೊಳ್ಳಬೇಡಿ. ತಾಯಿಯವರಿಗೆ ನಾವು ಲೋಟದ ನೀರನ್ನೂ ಎತ್ತಿಕೊಡುತ್ತಿದ್ದ ಆ ತಿಂಗಳುಗಳಲ್ಲೇ ಅವರ ಬೆರಳ ಹಿಡಿತ ಎಲ್ಲಕ್ಕಿಂತ ಹೆಚ್ಚು ಕುಸಿಯಿತು. ಏನು ಸಹಾಯ ಬೇಕೆಂದು ಕೇಳಿ, ಕೇಳಿದಷ್ಟನ್ನೇ ಮಾಡಿ. ಗುಂಡಿ ಹಾಕಿಕೊಳ್ಳಲು ಅವರಿಗೆ ಹತ್ತು ನಿಮಿಷ ಬೇಕಾದರೆ ಹೊರಡುವ ಸಿದ್ಧತೆಯನ್ನು ಹತ್ತು ನಿಮಿಷ ಮೊದಲೇ ಶುರುಮಾಡಿ.